ಮಾನಿಟರ್ ‘ನೋ ಸಿಗ್ನಲ್’ ಅನ್ನುತ್ತಿದೆ: ಬೋರ್ಡ್ ಬದಲಿಸುವ ಮೊದಲು ಇದನ್ನೆಲ್ಲ ನೋಡಿ

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಊರಿನಲ್ಲಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನನ್ನದು ನಾಲ್ಕು ವರ್ಷ ಹಳೆಯ ಲ್ಯಾಪ್‌ಟಾಪ್. ಇಂಟೆಲ್ ಪ್ರೊಸೆಸರ್, ಜೊತೆಗೆ ಎನ್ವಿಡಿಯಾ ಗ್ರಾಫಿಕ್ಸ್ ಇದೆ. ವಿಂಡೋಸ್ 11. ಎಚ್‌ಡಿಎಂಐ ಕೇಬಲ್‌ನಿಂದ 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಜೋಡಿಸಿಕೊಂಡಿದ್ದೆ. ಇಷ್ಟು ದಿನ ಏನೂ ತೊಂದರೆ ಇರಲಿಲ್ಲ. ಹೋದ ವಾರ ಗುಡುಗು ಮಳೆ ಬಂದು ಕರೆಂಟ್ ಹೋಗಿ ಬಂತು. ಅದೇ ಸಂಜೆ ವಿಂಡೋಸ್ ಅಪ್‌ಡೇಟ್ ಕೂಡ ಆಯಿತು. ಮರುದಿನದಿಂದ ಮಾನಿಟರ್ ‘ನೋ ಸಿಗ್ನಲ್’ ಅನ್ನುತ್ತಿದೆ. ಸೆಟ್-ಟಾಪ್ ಬಾಕ್ಸಿನ ಕೇಬಲ್ ತಂದು ಮಾನಿಟರ್‌ಗೆ ಹಾಕಿದೆ, ಬರಲಿಲ್ಲ. ಹಳೆಯ ಕೇಬಲ್ ಹಿಡಿದು ಟಿವಿಗೆ ಹಾಕಿದೆ, ಅಲ್ಲೂ ಇಲ್ಲ. ಲ್ಯಾಪ್‌ಟಾಪಿನ ಸ್ವಂತ ಪರದೆ ಚೆನ್ನಾಗಿದೆ. ಚಾರ್ಜಿಗೆ ಹಾಕಿದಾಗ ಮುಟ್ಟಿದರೆ ಕೈ ಜುಮ್ ಅನ್ನುವುದು ಮೊದಲಿಂದಲೂ ಇತ್ತು. ಅಂಗಡಿಯಲ್ಲಿ ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು ಅಂದರು. ನಿಜವೇ? ಪಕ್ಕದಲ್ಲಿ ಟೈಪ್-ಸಿ ಪೋರ್ಟ್ ಇದೆ. ಅದರಿಂದ ಮಾನಿಟರ್ ನಡೆಸಬಹುದಾ?

ಉತ್ತರ: ಅಂಗಡಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಬೋರ್ಡ್ ಬದಲಿಸಲು ಈಗಲೇ ಒಪ್ಪಬೇಡಿ. ಗುಡುಗು ಮಿಂಚಿನ ದಿನ ಪೋರ್ಟಿಗೆ ಪೆಟ್ಟು ಬೀಳುವುದು ಖಂಡಿತ ಉಂಟು. ಆದರೆ ನಿಮ್ಮ ಲ್ಯಾಪ್‌ಟಾಪ್ ಆನ್ ಆಗುತ್ತಿದೆ, ಚಾರ್ಜ್ ಆಗುತ್ತಿದೆ, ಕೆಲಸ ನಡೆಯುತ್ತಿದೆ. ಅಂದರೆ ಬೋರ್ಡಿನ ಬಹುಪಾಲು ಸರಿಯಾಗಿದೆ. ಹಾಳಾಗಿದ್ದರೂ ಎಚ್‌ಡಿಎಂಐ ಪೋರ್ಟಿನ ಸುತ್ತಲಿನ ಒಂದೆರಡು ಸಣ್ಣ ಭಾಗಗಳು ಹಾಳಾಗಿರುವ ಸಂಭವವೇ ಜಾಸ್ತಿ.

ನಿಮ್ಮಲ್ಲಿ ಒಂದೇ ದಿನ ಎರಡು ಸಂಗತಿ ನಡೆದಿವೆ. ಕರೆಂಟ್ ಏರುಪೇರಾಯಿತು, ಅದು ವಿದ್ಯುತ್ತಿನ ವಿಷಯ. ಅಪ್‌ಡೇಟ್ ಆಯಿತು, ಅದು ಸಾಫ್ಟ್‌ವೇರ್ ವಿಷಯ. ಎರಡರಲ್ಲಿ ಯಾವುದು ಕಾರಣ ಎಂದು ಬೇರೆ ಮಾಡಿ ನೋಡದೆ ಬೋರ್ಡಿಗೆ ಕೈ ಹಾಕುವುದು ತಪ್ಪು. ಬೇರೆ ಮಾಡಿ ನೋಡುವ ಕೆಲಸವನ್ನು ನೀವೇ ಮನೆಯಲ್ಲಿ ಮಾಡಬಹುದು. ಸ್ಕ್ರೂಡ್ರೈವರ್ ಬೇಕಿಲ್ಲ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಾಕು.

ನೀವು ಮಾಡಿದ ಎರಡು ಪರೀಕ್ಷೆಗಳು ಒಳ್ಳೆಯವೇ. ಆದರೆ ಅವುಗಳ ನಡುವೆ ಒಂದು ಸಂದು ಉಳಿದಿದೆ. ಬೇರೆ ಕೇಬಲ್ ಹಾಕಿದಾಗ ಮಾನಿಟರ್ ಅದೇ ಇತ್ತು. ಟಿವಿಗೆ ಹಾಕಿದಾಗ ಕೇಬಲ್ ಹಳೆಯದೇ ಇತ್ತು. ಹಳೆಯ ಕೇಬಲ್ಲೂ ಮಾನಿಟರ್ರೂ ಒಟ್ಟಿಗೆ ಕೆಟ್ಟಿದ್ದರೆ ಕೂಡ ನಿಮಗೆ ಇದೇ ಫಲಿತಾಂಶ ಬರುತ್ತಿತ್ತು. ಮಿಂಚಿನ ದಿನ ಹಾಗಾಗುವುದು ಅಪರೂಪವೇನಲ್ಲ. ಹಾಗಾಗಿ ಇನ್ನೆರಡು ಸಲ ನೋಡಿ. ಸೆಟ್-ಟಾಪ್ ಬಾಕ್ಸನ್ನು ಅದರದೇ ಕೇಬಲ್‌ನಿಂದ ಮಾನಿಟರ್‌ಗೆ ಹಾಕಿ. ಚಿತ್ರ ಬಂದರೆ ಮಾನಿಟರ್ ಮತ್ತು ಆ ಕೇಬಲ್ ಎರಡೂ ಸರಿ. ಬಳಿಕ ಅದೇ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ. ಆಗಲೂ ಬರದಿದ್ದರೆ ತೊಂದರೆ ಲ್ಯಾಪ್‌ಟಾಪಿನ ಕಡೆಗೇ ಇದೆ ಎಂದು ಗಟ್ಟಿಯಾಗಿ ಹೇಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಏನು ಮಾಡಿದಿರಿ, ಏನಾಯಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗುವ ಸಂದರ್ಭ ಬಂದರೆ ಆ ಚೀಟಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಈಗ ಕೇಬಲ್ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಅದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಪಿನ್‌ಗಳಿವೆ. ನೀವು ಕೇಬಲ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ. ಮಾನಿಟರ್ ಅದನ್ನು ಕಂಡು 19ನೆಯ ಪಿನ್ನಿನಲ್ಲಿ ‘ನಾನಿದ್ದೇನೆ’ ಎಂದು ತಿಳಿಸುತ್ತದೆ. ಬಾಗಿಲ ಬೆಲ್ ಒತ್ತಿದ ಹಾಗೆ. ಇದಕ್ಕೆ ಹಾಟ್ ಪ್ಲಗ್ ಡಿಟೆಕ್ಟ್ ಅನ್ನುತ್ತಾರೆ. ಬಳಿಕ ಲ್ಯಾಪ್‌ಟಾಪ್ 15 ಮತ್ತು 16ನೆಯ ಪಿನ್‌ಗಳ ಮೂಲಕ ಮಾನಿಟರ್ ಬಗ್ಗೆ ಒಂದು ಪುಟ್ಟ ದಾಖಲೆ ಓದುತ್ತದೆ. ಅದರ ಹೆಸರು ಇಡಿಐಡಿ. ಮೂಲ ದಾಖಲೆ 128 ಬೈಟ್ ಅಷ್ಟೇ. ಯಾವ ಕಂಪನಿ, ಯಾವ ಮಾದರಿ, ಯಾವ ಅಳತೆಯ (ರೆಸಲ್ಯೂಶನ್) ಚಿತ್ರ ತೋರಿಸಬಲ್ಲದು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಇಷ್ಟು ಮುಗಿದ ಮೇಲೆ ಉಳಿದ ತಂತಿಗಳಲ್ಲಿ ಚಿತ್ರ ಹರಿಯುತ್ತದೆ.

ಹೀಗೆ ಮೂರು ಹಂತ: ಇರುವಿಕೆ ತಿಳಿಯುವುದು, ದಾಖಲೆ ಓದುವುದು, ಚಿತ್ರ ಕಳಿಸುವುದು. ಮೂರರಲ್ಲಿ ಎಲ್ಲಿ ತುಂಡಾದರೂ ನಿಮಗೆ ಕಾಣುವುದು ಕಪ್ಪು ಪರದೆಯೇ. ಆದರೆ ಯಾವ ಹಂತದಲ್ಲಿ ತುಂಡಾಗಿದೆ ಎಂಬುದರ ಮೇಲೆ ರಿಪೇರಿ ಪೂರ್ತಿ ಬದಲಾಗುತ್ತದೆ.

ಅದಕ್ಕೆ ಮೊದಲ ಸಾಕ್ಷಿ ಮಾನಿಟರೇ. ಲ್ಯಾಪ್‌ಟಾಪ್ ಆನ್ ಇರುವಾಗ ಮಾನಿಟರ್ ಮೇಲೆ ಬರುವ ಮಾತನ್ನು ಸರಿಯಾಗಿ ಓದಿ. ಆಮೇಲೆ ಕೇಬಲ್ ಕಿತ್ತು ಮತ್ತೆ ಓದಿ. ಎಷ್ಟೋ ಮಾನಿಟರ್‌ಗಳು ಕೇಬಲ್ ಇಲ್ಲದಾಗ ‘ಕೇಬಲ್ ನಾಟ್ ಕನೆಕ್ಟೆಡ್’ ಅಥವಾ ‘ಚೆಕ್ ಕೇಬಲ್’ ಅನ್ನುತ್ತವೆ. ಕೇಬಲ್ ಇದ್ದು ಚಿತ್ರ ಇಲ್ಲದಾಗ ‘ನೋ ಸಿಗ್ನಲ್’ ಅನ್ನುತ್ತವೆ, ಇಲ್ಲವೇ ಪವರ್ ಸೇವಿಂಗ್‌ಗೆ ಹೋಗುತ್ತವೆ. ಈ ವ್ಯತ್ಯಾಸ ಅವಕ್ಕೆ ಗೊತ್ತಾಗುವುದು ಆ 5 ವೋಲ್ಟಿನಿಂದ. ನಿಮ್ಮ ಮಾನಿಟರ್ ಕೇಬಲ್ ಹಾಕಿದಾಗ ಒಂದು ಮಾತು, ಕಿತ್ತಾಗ ಇನ್ನೊಂದು ಮಾತು ಹೇಳಿದರೆ ಒಳ್ಳೆಯ ಸುದ್ದಿ. ಲ್ಯಾಪ್‌ಟಾಪಿನ 5 ವೋಲ್ಟ್ ಜೀವಂತ ಇದೆ. ಲ್ಯಾಪ್‌ಟಾಪ್ ಆನ್ ಇದ್ದು ಕೇಬಲ್ ಗಟ್ಟಿಯಾಗಿ ಕೂತಿದ್ದರೂ ‘ಕೇಬಲ್ ನಾಟ್ ಕನೆಕ್ಟೆಡ್’ ಎಂದೇ ಬಂದರೆ ಆ 5 ವೋಲ್ಟ್ ತಲುಪುತ್ತಿಲ್ಲ. ಎರಡೂ ಸಲ ‘ನೋ ಸಿಗ್ನಲ್’ ಎಂದೇ ಬಂದರೆ ನಿಮ್ಮ ಮಾನಿಟರ್ ಈ ವ್ಯತ್ಯಾಸ ತೋರಿಸುವ ಜಾತಿಯದಲ್ಲ. ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ. ‘ಔಟ್ ಆಫ್ ರೇಂಜ್’ ಅಥವಾ ‘ಇನ್‌ಪುಟ್ ನಾಟ್ ಸಪೋರ್ಟೆಡ್’ ಎಂದು ಬಂದರೆ ಕಥೆಯೇ ಬೇರೆ. ಚಿತ್ರ ಬರುತ್ತಿದೆ, ಅದರ ಅಳತೆ ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬುದು) ಮಾನಿಟರ್‌ಗೆ ಒಗ್ಗುತ್ತಿಲ್ಲ, ಅಷ್ಟೇ.

ಜೊತೆಗೆ ಮಾನಿಟರ್‌ನ ಬಟನ್ ಒತ್ತಿ ಇನ್‌ಪುಟ್ ಯಾವುದಿದೆ ನೋಡಿ. ಕರೆಂಟ್ ಹೋಗಿ ಬಂದಾಗ ಕೆಲವು ಮಾನಿಟರ್‌ಗಳು ವಿಜಿಎ ಅಥವಾ ಎರಡನೇ ಎಚ್‌ಡಿಎಂಐಗೆ ಹೋಗಿ ಕೂತಿರುತ್ತವೆ. ‘ಆಟೋ’ ಎಂದಿದ್ದರೂ ನೀವೇ ಕೈಯಾರೆ ಸರಿಯಾದ ಎಚ್‌ಡಿಎಂಐ ಆರಿಸಿ.

ಇನ್ನು ಎರಡಕ್ಕೂ ಒಂದು ಪೂರ್ತಿ ವಿಶ್ರಾಂತಿ ಕೊಡಿ. ಮಾನಿಟರ್‌ನ ಪ್ಲಗ್ಗನ್ನೇ ಗೋಡೆಯಿಂದ ತೆಗೆದು ಹತ್ತು ನಿಮಿಷ ಬಿಡಿ. ಅದರ ಪವರ್ ಬಟನ್ ಒತ್ತಿದರೆ ಸಾಲದು, ಒಳಗಿನ ಚಿಪ್ ಆಗಲೂ ಎಚ್ಚರವಾಗಿಯೇ ಇರುತ್ತದೆ. ಲ್ಯಾಪ್‌ಟಾಪನ್ನು ಶಟ್ ಡೌನ್ ಮಾಡಿ, ಚಾರ್ಜರ್ ಮತ್ತು ಎಲ್ಲ ಕೇಬಲ್ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಳಿಕ ಚಾರ್ಜರ್ ಹಾಕಿ ಆನ್ ಮಾಡಿ. ಕರೆಂಟ್ ಏರುಪೇರಾದ ಮೇಲೆ ಪೋರ್ಟ್ ನೋಡಿಕೊಳ್ಳುವ ಚಿಪ್‌ಗಳು ಕೆಲವೊಮ್ಮೆ ಅರ್ಧದಲ್ಲಿ ಸಿಕ್ಕಿಕೊಂಡಿರುತ್ತವೆ. ಹೀಗೆ ಮಾಡಿದರೆ ಅವು ಹೊಸದಾಗಿ ಶುರುವಾಗುತ್ತವೆ. ಇಷ್ಟಕ್ಕೇ ಸರಿಹೋದ ಲ್ಯಾಪ್‌ಟಾಪ್‌ಗಳು ಎಷ್ಟೋ ಇವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ವಿಂಡೋಸ್ ಕಡೆ ಬನ್ನಿ. ವಿಂಡೋಸ್ ಕೀ ಹಿಡಿದು ಪಿ ಒತ್ತಿ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ‘ಎಕ್ಸ್‌ಟೆಂಡ್’ ಆರಿಸಿ. ಅದರಿಂದ ಆಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಪರದೆ ಒಮ್ಮೆ ಕಪ್ಪಾಗಿ ಮರಳುತ್ತದೆ, ಬೀಪ್ ಸದ್ದು ಬರಬಹುದು. ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ, ಮತ್ತೆ ಶುರುವಾಯಿತು ಎಂದರ್ಥ. ತೆರೆದ ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೂ ಲೆಕ್ಕದ ಕೆಲಸ ಸೇವ್ ಮಾಡಿಕೊಂಡೇ ಒತ್ತಿ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಸಾಮಾನ್ಯವಾಗಿ ಆನ್ ಇರುತ್ತದೆ. ಅದು ಆನ್ ಇದ್ದಾಗ ಶಟ್ ಡೌನ್ ಮಾಡಿದರೆ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಂಡು ಬರುತ್ತದೆ. ಅಂದರೆ ಕೆಟ್ಟ ಸ್ಥಿತಿಯೂ ಹಾಗೇ ಮರಳಿ ಬರಬಹುದು. ‘ರಿಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ದಿನಾ ರಾತ್ರಿ ಆಫ್ ಮಾಡುತ್ತೇನಲ್ಲ, ಅದು ಸಾಕು ಅಂದುಕೊಳ್ಳಬೇಡಿ. ಒಮ್ಮೆ ರಿಸ್ಟಾರ್ಟ್ ಮಾಡಿ.

ಆಮೇಲೆ ಕೇಬಲ್ ಹಾಕಿಟ್ಟುಕೊಂಡು ಡಿವೈಸ್ ಮ್ಯಾನೇಜರ್ ತೆರೆಯಿರಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿ ಸಿಗುತ್ತದೆ. ಅದರಲ್ಲಿ ‘ಮಾನಿಟರ್ಸ್’ ಎಂಬುದನ್ನು ಬಿಡಿಸಿ ನೋಡಿ. ಲ್ಯಾಪ್‌ಟಾಪಿನ ಸ್ವಂತ ಪರದೆಯ ಜೊತೆ ಇನ್ನೊಂದು ಸಾಲು ಬಂದಿದೆಯಾ? ಬಂದಿದ್ದರೆ ಮೊದಲ ಹಂತ ದಾಟಿದೆ. ಆ ಸಾಲಿನಲ್ಲಿ ‘ನಾನ್-ಪಿಎನ್‌ಪಿ’ ಎಂಬ ಮಾತಿದ್ದರೆ ಮಾನಿಟರ್ ಇದೆ ಎಂದು ತಿಳಿದಿದೆ, ಅದರ ದಾಖಲೆ ಓದಲು ಆಗುತ್ತಿಲ್ಲ. ಆಗ ಚಿತ್ರ ಬಂದರೂ 1024×768ರಂಥ ಕಡಿಮೆ ಅಳತೆಯಲ್ಲಿ ಬರುತ್ತದೆ. ಬಹುಪಾಲು ಇದು ಕೇಬಲ್ಲಿನ ಅಥವಾ ನಡುವಿನ ಅಡಾಪ್ಟರ್‌ನ ತೊಂದರೆ. ಸರಿಯಾದ ಹೆಸರಿದ್ದೂ ಪರದೆ ಕಪ್ಪಗಿದ್ದರೆ ಮೂರನೇ ಹಂತದಲ್ಲಿ ನಿಂತಿದೆ. ಆಗ ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ಆ ಮಾನಿಟರ್‌ನ ಅಳತೆಯನ್ನು 1280×720ಕ್ಕೆ ಇಳಿಸಿ ನೋಡಿ. ಕಡಿಮೆ ಅಳತೆಯಲ್ಲಿ ಬಂದು ಜಾಸ್ತಿ ಅಳತೆಯಲ್ಲಿ ಬರದಿದ್ದರೆ ತಂತಿಯಲ್ಲೋ ಪೋರ್ಟಿನ ಬೆಸುಗೆಯಲ್ಲೋ ದೋಷ ಇದೆ. ಚಿತ್ರದ ಮೇಲೆ ಬಿಳಿ ಚುಕ್ಕೆ ಮಿನುಗುವುದೂ ಅದೇ ಲಕ್ಷಣ.

ಎರಡನೇ ಸಾಲು ಬರಲೇ ಇಲ್ಲ ಅಂದರೆ? ನಿಮ್ಮಲ್ಲಿ ಹೀಗೇ ಆಗಿರಬಹುದು ಎಂದು ನನ್ನ ಊಹೆ. ಇಲ್ಲಿ ನಿಮ್ಮ ಪತ್ರದ ಒಂದು ಮಾತು ತುಂಬಾ ಮುಖ್ಯವಾಗುತ್ತದೆ: ಇಂಟೆಲ್ ಜೊತೆಗೆ ಎನ್ವಿಡಿಯಾ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ಸ್ವಂತ ಪರದೆಯನ್ನು ಸಾಮಾನ್ಯವಾಗಿ ಇಂಟೆಲ್ ನಡೆಸುತ್ತದೆ. ಆದರೆ ಬಹಳಷ್ಟು ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟಿನ ತಂತಿ ನೇರವಾಗಿ ಎನ್ವಿಡಿಯಾ ಚಿಪ್ಪಿಗೆ ಹೋಗಿರುತ್ತದೆ. ಹೀಗಿದ್ದಾಗ ಎನ್ವಿಡಿಯಾ ಡ್ರೈವರ್ ಎಡವಿದರೆ ಸ್ವಂತ ಪರದೆಗೆ ಏನೂ ಆಗುವುದಿಲ್ಲ. ಎಕ್ಸೆಲ್, ಬ್ರೌಸರ್ ಎಲ್ಲ ಎಂದಿನಂತೆ ನಡೆಯುತ್ತವೆ. ಎಚ್‌ಡಿಎಂಐ ಮಾತ್ರ ಸತ್ತಂತೆ ಕಾಣುತ್ತದೆ. ನೋಡಿದವರಿಗೆ ಪೋರ್ಟ್ ಹೋಗಿದೆ ಅನ್ನಿಸುವುದು ಸಹಜ. ‘ಸ್ವಂತ ಪರದೆ ಚೆನ್ನಾಗಿದೆ, ಆದ್ದರಿಂದ ಡ್ರೈವರ್ ಸರಿಯಿದೆ, ಆದ್ದರಿಂದ ಬೋರ್ಡೇ ಕೆಟ್ಟಿದೆ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ರಿಪೇರಿ ಮಾಡುವವರು ಇದನ್ನು ಗಮನಿಸದೆ ಹೋದರೆ ಗ್ರಾಹಕರಿಗೆ ದೊಡ್ಡ ನಷ್ಟ.

ಹಾಗಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಬಿಡಿಸಿ ನೋಡಿ. ಇಂಟೆಲ್, ಎನ್ವಿಡಿಯಾ ಎರಡೂ ಹೆಸರು ಇರಬೇಕು. ಎನ್ವಿಡಿಯಾ ಹೆಸರಿನ ಮೇಲೆ ಹಳದಿ ತ್ರಿಕೋನ ಇದ್ದರೆ ಅದನ್ನು ಎರಡು ಸಲ ಒತ್ತಿ, ಯಾವ ಕೋಡ್ ಬಂದಿದೆ ಓದಿ. ‘ಕೋಡ್ 43’ ಎಂದಿದ್ದರೆ ಆ ಸಾಧನವೇ ತೊಂದರೆ ಇದೆ ಎಂದು ತಿಳಿಸಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದರ್ಥ. ಡ್ರೈವರ್ ಕೆಟ್ಟಾಗಲೂ ಇದು ಬರುತ್ತದೆ, ಚಿಪ್ ಕೆಟ್ಟಾಗಲೂ ಬರುತ್ತದೆ. ಎನ್ವಿಡಿಯಾ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಅದರ ಡ್ರೈವರ್ ಕೂತಿಲ್ಲ. ಹೆಸರೇ ಇಲ್ಲದಿದ್ದರೆ ಚಿಪ್ಪೇ ಕೆಟ್ಟಿರಬಹುದು, ಇಲ್ಲವೇ ಅದನ್ನು ಯಾವುದೋ ಆಫ್ ಮಾಡಿರಬಹುದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಕರೆಂಟ್ ಹೋಗುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ಗೇಮಿಂಗ್ ಮಾದರಿಗಳಲ್ಲಿ, ಕಂಪನಿಯವರೇ ಕೊಟ್ಟ ಒಂದು ಕಂಟ್ರೋಲ್ ಆ್ಯಪ್ ಇರುತ್ತದೆ. ಬ್ಯಾಟರಿ ಉಳಿಸಲು ‘ಇಕೋ’ ಎಂಬಂಥ ಒಂದು ಮೋಡ್ ಅದರಲ್ಲಿ ಇರುತ್ತದೆ. ಆ ಮೋಡಿನಲ್ಲಿ ಎನ್ವಿಡಿಯಾ ಚಿಪ್ ಪೂರ್ತಿ ಆಫ್. ಇನ್ನು ಕೆಲವು ಮೋಡ್‌ಗಳು ಚಾರ್ಜರ್ ತಪ್ಪಿದ ಕೂಡಲೇ ತಾವಾಗಿಯೇ ಅದನ್ನು ಆಫ್ ಮಾಡುತ್ತವೆ. ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿಗೆ ಬಂತು, ಎನ್ವಿಡಿಯಾ ಮಲಗಿತು, ಎಚ್‌ಡಿಎಂಐ ಕಪ್ಪಾಯಿತು. ಮತ್ತೆ ಎಬ್ಬಿಸುವ ಹೊತ್ತಿಗೆ ಅಪ್‌ಡೇಟ್ ನಡುವೆ ಬಂದು ಎಡವಟ್ಟಾಗಿರಬಹುದು. ಆ ಆ್ಯಪ್ ತೆರೆದು ‘ಸ್ಟ್ಯಾಂಡರ್ಡ್’ ಅಥವಾ ‘ಹೈಬ್ರಿಡ್’ ಮೋಡಿಗೆ ಹಾಕಿ, ರಿಸ್ಟಾರ್ಟ್ ಮಾಡಿ. ಬೇರೇನು ಮಾಡುವ ಮೊದಲೂ ಇದನ್ನು ನೋಡಿಬಿಡಿ, ಪೈಸೆ ಖರ್ಚಿಲ್ಲ.

ಎಚ್‌ಡಿಎಂಐ ಯಾವ ಚಿಪ್ಪಿಗೆ ಜೋಡಿಸಿದೆ ಎಂದು ಖಚಿತ ಮಾಡಿಕೊಳ್ಳಲು ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ಅದರಲ್ಲಿ ‘ಕಾನ್ಫಿಗರ್ ಸರೌಂಡ್, ಫಿಸ್‌ಎಕ್ಸ್’ ಎಂಬ ಪುಟದಲ್ಲಿ ಯಾವ ಪೋರ್ಟ್ ಎಲ್ಲಿಗೆ ಸೇರಿದೆ ಎಂದು ಚಿತ್ರವೇ ಬರೆದು ತೋರಿಸುತ್ತದೆ. ಕಂಟ್ರೋಲ್ ಪ್ಯಾನೆಲ್ ತೆರೆಯುವುದೇ ಇಲ್ಲ ಅಂದರೆ ಡ್ರೈವರ್ ಮೇಲಿನ ಅನುಮಾನ ಗಟ್ಟಿಯಾಯಿತು.

ಅಪ್‌ಡೇಟ್ ನಿಜವಾಗಿಯೂ ಡ್ರೈವರ್ ಮುಟ್ಟಿದೆಯಾ? ಇದಕ್ಕೆ ಊಹೆ ಬೇಕಿಲ್ಲ. ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ ಎಂದು ಹೋದರೆ ‘ಡ್ರೈವರ್ ಅಪ್‌ಡೇಟ್ಸ್’ ಎಂಬ ಪ್ರತ್ಯೇಕ ಪಟ್ಟಿ ಇದೆ. ತಾರೀಖಿನ ಸಮೇತ ಇರುತ್ತದೆ. ಮಳೆ ಬಂದ ದಿನದ ತಾರೀಖಿನಲ್ಲಿ ಇಂಟೆಲ್ ಅಥವಾ ಎನ್ವಿಡಿಯಾ ಡಿಸ್‌ಪ್ಲೇ ಎಂಬ ಸಾಲು ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಅಡಾಪ್ಟರ್‌ನ ‘ಪ್ರಾಪರ್ಟೀಸ್’ ತೆರೆದು, ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಹಳೆಯದು ಮರಳಿ ಬರುತ್ತದೆ. ಆ ಬಟನ್ ಮಸುಕಾಗಿದ್ದರೆ ಹಳೆಯ ಪ್ರತಿ ಉಳಿದಿಲ್ಲ. ಆಗ ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಹಾಕಿ, ಅಲ್ಲಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಮೊದಲು ಇಂಟೆಲ್ ಡ್ರೈವರ್ ಹಾಕಿ, ಬಳಿಕ ಎನ್ವಿಡಿಯಾ ಹಾಕಿ. ಎನ್ವಿಡಿಯಾ ಹಾಕುವಾಗ ‘ಕಸ್ಟಮ್’ ಆರಿಸಿ ‘ಕ್ಲೀನ್ ಇನ್‌ಸ್ಟಾಲೇಶನ್’ಗೆ ಗುರುತು ಹಾಕಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುತ್ತೇವೆ’ ಎನ್ನುವ ಉಚಿತ ತಂತ್ರಾಂಶಗಳನ್ನು ದಯವಿಟ್ಟು ಹಾಕಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಬೇರೆಯವರ ಹಣಕಾಸಿನ ಮಾಹಿತಿ ಇದೆ, ಅಲ್ವಾ?

ಇದೆಲ್ಲ ಮಾಡಿಯೂ ಬರದಿದ್ದರೆ ವಿಂಡೋಸನ್ನೇ ಪಕ್ಕಕ್ಕಿಟ್ಟು ನೋಡಬೇಕು. ಇದು ಸಾಫ್ಟ್‌ವೇರ್ ಮತ್ತು ಹಾರ್ಡ್‌ವೇರ್ ಬೇರೆ ಮಾಡುವ ಗಟ್ಟಿಯಾದ ದಾರಿ. ಲ್ಯಾಪ್‌ಟಾಪ್ ಆಫ್ ಮಾಡಿ, ಮಾನಿಟರ್ ಜೋಡಿಸಿ, ಆನ್ ಮಾಡಿ. ವಿಂಡೋಸ್ ಬರುವ ಮೊದಲು ಕಂಪನಿಯ ಲೋಗೋ ಹೊರಗಿನ ಮಾನಿಟರ್ ಮೇಲೆ ಕಂಡರೆ ಪೋರ್ಟ್ ಸರಿಯಿದೆ, ಮಾತೇ ಇಲ್ಲ. ಆದರೆ ಕಾಣದಿದ್ದರೆ ಪೋರ್ಟ್ ಕೆಟ್ಟಿದೆ ಎಂದು ಹೇಳಲು ಆಗದು. ಎಷ್ಟೋ ಲ್ಯಾಪ್‌ಟಾಪ್‌ಗಳು ಆ ಹೊತ್ತಿಗೆ ಸ್ವಂತ ಪರದೆಗಷ್ಟೇ ಚಿತ್ರ ಕಳಿಸುತ್ತವೆ.

ಅದಕ್ಕಿಂತ ಒಳ್ಳೆಯದು ಉಬುಂಟು ಪೆನ್ ಡ್ರೈವ್. ಉಬುಂಟು ಅಂದರೆ ವಿಂಡೋಸ್ ಬದಲು ಬಳಸಬಹುದಾದ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಂ. ಪರಿಚಯದ ಹುಡುಗರು ಯಾರಾದರೂ ಮಾಡಿಕೊಡುತ್ತಾರೆ. ಲ್ಯಾಪ್‌ಟಾಪನ್ನು ಆ ಪೆನ್ ಡ್ರೈವಿನಿಂದಲೇ ಶುರು (ಬೂಟ್) ಮಾಡಿ ‘ಟ್ರೈ ಉಬುಂಟು’ ಆರಿಸಿ. ‘ಇನ್‌ಸ್ಟಾಲ್’ ಮೇಲೆ ಕೈ ಹೋಗದಂತೆ ನೋಡಿಕೊಳ್ಳಿ, ಅದನ್ನು ಒತ್ತಿ ಮುಂದೆ ಹೋದರೆ ನಿಮ್ಮ ಫೈಲುಗಳು ಅಳಿಸಿಹೋಗಬಹುದು. ‘ಟ್ರೈ’ ಮಾಡಿದಾಗ ನಿಮ್ಮ ಡಿಸ್ಕಿಗೆ ಏನೂ ಬರೆಯುವುದಿಲ್ಲ. ಅಲ್ಲಿ ಮಾನಿಟರ್ ಮೇಲೆ ಚಿತ್ರ ಬಂದರೆ ನಿಮ್ಮ ಪೋರ್ಟ್, ಬೋರ್ಡ್, ಕೇಬಲ್, ಮಾನಿಟರ್ ಎಲ್ಲವೂ ಸರಿ. ತೊಂದರೆ ಪೂರ್ತಿ ವಿಂಡೋಸ್ ಕಡೆಯದು. ಅಂಗಡಿಯವರಿಗೆ ಇದನ್ನೇ ತೋರಿಸಿ. ಅಲ್ಲೂ ಬರದಿದ್ದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಬಲವಾಯಿತು.

ಒಂದು ಎಚ್ಚರಿಕೆ. ವಿಂಡೋಸ್ 11 ಇರುವ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ, ಯಜಮಾನರಿಗೆ ಅದು ಗೊತ್ತೇ ಇರುವುದಿಲ್ಲ. ಬಯೋಸ್ (ವಿಂಡೋಸಿಗಿಂತ ಮೊದಲು ಶುರುವಾಗುವ ಒಳ ತಂತ್ರಾಂಶ) ಸೆಟ್ಟಿಂಗ್ ಬದಲಿಸಿದರೂ, ಬೋರ್ಡ್ ಬದಲಿಸಿದರೂ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಇಲ್ಲದಿದ್ದರೆ ಫೈಲುಗಳು ಸಿಗುವುದಿಲ್ಲ. ನೀವು ಲಾಗಿನ್ ಆಗುವ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಲೆಕ್ಕದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಹಾಕಿಕೊಳ್ಳಿ. ಇವೆರಡೂ ಆಗದೆ ಲ್ಯಾಪ್‌ಟಾಪನ್ನು ಯಾರ ಕೈಗೂ ಕೊಡಬೇಡಿ.

ಈಗ ಕೈ ಜುಮ್ ಅನ್ನುವ ವಿಷಯ. ನೀವು ಅದನ್ನು ಹಾಗೇ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ಹೆಚ್ಚು ಚಿಂತೆ. ಚಾರ್ಜರ್ ಒಳಗೆ ವಿದ್ಯುತ್ತಿನ ಅಡಚಣೆ (ನಾಯ್ಸ್) ತಡೆಯಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಬಹಳ ಕಡಿಮೆ ಕರೆಂಟ್ ಲ್ಯಾಪ್‌ಟಾಪಿನ ಲೋಹದ ಭಾಗಕ್ಕೆ ಸೋರುತ್ತಲೇ ಇರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ, ಇಲ್ಲವೇ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದರೆ, ಅಲ್ಲೇ ಉಳಿಯುತ್ತದೆ. ಮುಟ್ಟಿದಾಗ ಜುಮ್ ಅನ್ನುವುದು ಅದೇ. ಮನುಷ್ಯರಿಗೆ ಸಾಮಾನ್ಯವಾಗಿ ಅಪಾಯ ಇಲ್ಲದಷ್ಟು ಕಡಿಮೆ. ಆದರೆ ಎಚ್‌ಡಿಎಂಐ ಚಿಪ್ಪಿಗೆ ಅದೇ ಜಾಸ್ತಿ. ಮಾನಿಟರ್ ಅಥವಾ ಟಿವಿಯ ಕಡೆಯೂ ಹೀಗೇ ಸೋರಿಕೆ ಇದ್ದರೆ, ಎರಡೂ ಆನ್ ಇರುವಾಗ ಕೇಬಲ್ ಚುಚ್ಚಿದ ಕ್ಷಣ ಆ ವ್ಯತ್ಯಾಸ ಕೇಬಲ್ ಮೂಲಕವೇ ಹರಿಯುತ್ತದೆ. ಪ್ಲಗ್ಗಿನ ಹೊರ ಕವಚ ಮೊದಲು ತಾಗಿದರೆ ಬಚಾವ್. ಓರೆಯಾಗಿ ಚುಚ್ಚಿ ಒಳಗಿನ ಪಿನ್ ಮೊದಲು ತಾಗಿದರೆ ಪೆಟ್ಟು ಚಿಪ್ಪಿಗೆ.

ಟಿವಿ ಇನ್ನೂ ಸೂಕ್ಷ್ಮ. ಡಿಶ್ಶಿನ ಅಥವಾ ಕೇಬಲ್ ಟಿವಿಯ ವೈರ್ ಹೊರಗಿನಿಂದ ಸೆಟ್-ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ ಬರುತ್ತದೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದರೆ ಆ ವೈರಿಗೂ ಜೋಡಿಸಿದಂತೆಯೇ. ಹತ್ತಿರದಲ್ಲಿ ಮಿಂಚು ಹೊಡೆದಾಗ ಆ ವೈರಿನಲ್ಲಿ ಬರುವ ಏರಿಕೆ ಎಚ್‌ಡಿಎಂಐ ಪೋರ್ಟ್‌ಗಳನ್ನು ಸುಡುವುದು ಹೊಸದೇನಲ್ಲ. ಮಲೆನಾಡಿನ ಕಡೆ ಮುಂಗಾರಿಗೆ ಮೊದಲಿನ ಮಳೆಗಳಲ್ಲಿ ಗುಡುಗು ಎಷ್ಟು ಎಂದು ನಿಮಗೆ ಹೇಳಬೇಕಿಲ್ಲ. ಗುಡುಗು ಕೇಳಿಸಿದ ಕೂಡಲೇ ಚಾರ್ಜರ್, ಎಚ್‌ಡಿಎಂಐ, ಇಂಟರ್‌ನೆಟ್ಟಿನ ವೈರ್ ಮೂರನ್ನೂ ಕಿತ್ತಿಡಿ. ಯುಪಿಎಸ್ ಇದೆ ಎಂದು ಸುಮ್ನೆ ಇರಬೇಡಿ, ಅದು ಪವರ್ ಲೈನ್ ಮಾತ್ರ ನೋಡಿಕೊಳ್ಳುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ಪರೀಕ್ಷಿಸಿ. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಎರಡನ್ನೂ ಅರ್ಥ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಮೇಲೆ ಹೇಳಿದ ಪರೀಕ್ಷೆಗಳನ್ನೂ ಹಾಗೆಯೇ ಮಾಡಿ: ಎರಡೂ ಆಫ್ ಇರುವಾಗ ಕೇಬಲ್ ಚುಚ್ಚಿ, ಆಮೇಲೆ ಆನ್ ಮಾಡಿ. ಆನ್ ಇರುವಾಗ ಕೀಳಬೇಕಾಗಿ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ.

ನಿಜವಾಗಿಯೂ ಪೋರ್ಟಿಗೆ ಪೆಟ್ಟಾಗಿದ್ದರೆ ಏನು ಕೆಟ್ಟಿರುತ್ತದೆ? ಸಾಮಾನ್ಯವಾಗಿ ಪೋರ್ಟಿನ ಹಿಂದೆಯೇ ಇರುವ ರಕ್ಷಣೆಯ ಸಣ್ಣ ಡಯೋಡ್‌ಗಳು, 5 ವೋಲ್ಟ್ ದಾರಿಯ ಫ್ಯೂಸ್ ಅಥವಾ ಸ್ವಿಚ್ ಚಿಪ್, ಇಲ್ಲವೇ ಸಿಗ್ನಲ್ ಸರಿಪಡಿಸಿ ಕಳಿಸುವ ಪುಟ್ಟ ಚಿಪ್. ಕೇಬಲ್ ಎಳೆದಾಡಿ ಪೋರ್ಟಿನ ಬೆಸುಗೆ ಬಿಟ್ಟಿರುವುದೂ ಉಂಟು. ಪ್ಲಗ್ ಅಲ್ಲಾಡಿಸಿದಾಗ ಚಿತ್ರ ಬಂದು ಹೋದರೆ ಅದೇ. ಇವೆಲ್ಲವನ್ನೂ ಚಿಪ್ ಲೆವೆಲ್ ಸರ್ವಿಸ್ ಮಾಡುವವರು ಬೋರ್ಡ್ ಬದಲಿಸದೆ ಸರಿಮಾಡಬಲ್ಲರು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇಂಥ ಅಂಗಡಿಗಳಿವೆ, ಬೇರೆ ಊರುಗಳಲ್ಲೂ ಕೇಳಿದರೆ ಸಿಗುತ್ತಾರೆ. ಹೋದಾಗ ‘ಡಿಸ್‌ಪ್ಲೇ ಬರಲ್ಲ’ ಎಂದಷ್ಟೇ ಹೇಳಬೇಡಿ. ‘ಉಬುಂಟುವಿನಲ್ಲೂ ಎಚ್‌ಡಿಎಂಐ ಬರುತ್ತಿಲ್ಲ, 18ನೇ ಪಿನ್ನಿನಲ್ಲಿ 5 ವೋಲ್ಟ್ ಇದೆಯಾ ನೋಡಿ’ ಎಂದು ಹೇಳಿ. ಕೆಲಸ ಗೊತ್ತಿರುವವರು ನಿಮ್ಮ ಎದುರಿಗೇ ಮೀಟರ್ ಹಿಡಿದು ನೋಡುತ್ತಾರೆ. ಆ ಮೀಟರ್ ಕೆಲಸ ನೀವು ಮಾಡಬೇಡಿ. ಪಿನ್‌ಗಳು ಒಂದಕ್ಕೊಂದು ತೀರಾ ಹತ್ತಿರ, ಒಂದು ಜಾರಿದರೆ ಇದ್ದ ಪೋರ್ಟೂ ಹೋಗುತ್ತದೆ. ಖರ್ಚು ಎಷ್ಟು ಎಂದು ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗ ವಾಪಸ್ ಕೇಳಿ.

ಕೊನೆಗೆ ನಿಮ್ಮ ಟೈಪ್-ಸಿ ಪ್ರಶ್ನೆ. ನಡೆಸಬಹುದು, ಆದರೆ ಎಲ್ಲ ಟೈಪ್-ಸಿ ಪೋರ್ಟಿನಿಂದಲೂ ಚಿತ್ರ ಬರುವುದಿಲ್ಲ. ಪೋರ್ಟಿಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ಸೌಲಭ್ಯ ಇರಬೇಕು. 2014ರಲ್ಲಿ ಬಂದ ವ್ಯವಸ್ಥೆ ಅದು. ಪೋರ್ಟಿನ ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಅದು ಥಂಡರ್‌ಬೋಲ್ಟ್, ಚಿತ್ರ ಬರುತ್ತದೆ. ಇಂಗ್ಲಿಷಿನ ಡಿ ಒಳಗೆ ಪಿ ಸೇರಿದಂಥ ಗುರುತಿದ್ದರೂ ಬರುತ್ತದೆ. ಬರೀ ಯುಎಸ್‌ಬಿಯ ತ್ರಿಶೂಲದ ಗುರುತು ಇದ್ದರೆ ಕಂಪನಿಯ ಜಾಲತಾಣದಲ್ಲಿ ನಿಮ್ಮ ಮಾದರಿಯ ವಿವರ ಓದಿ ಖಚಿತ ಮಾಡಿಕೊಳ್ಳಿ. ನಿಮ್ಮಂಥ ಎರಡು ಗ್ರಾಫಿಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಸಲ ಎಚ್‌ಡಿಎಂಐ ಎನ್ವಿಡಿಯಾಗೆ, ಟೈಪ್-ಸಿ ಇಂಟೆಲ್‌ಗೆ ಜೋಡಿಸಿರುತ್ತದೆ. ಹಾಗಿದ್ದರೆ ಎಚ್‌ಡಿಎಂಐ ಕಡೆ ಏನೇ ಆಗಿದ್ದರೂ ಟೈಪ್-ಸಿಯಿಂದ ನಾಳೆಯೇ ಕೆಲಸ ಶುರು ಮಾಡಬಹುದು.

ಅದಕ್ಕೆ ಟೈಪ್-ಸಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಬೇಕು. ಫೋನ್ ಜೊತೆ ಬಂದ ಟೈಪ್-ಸಿ ಕೇಬಲ್ ಇದಕ್ಕೆ ಬಳಸಬೇಡಿ. ಅಂಥ ಬಹುಪಾಲು ಕೇಬಲ್‌ಗಳಲ್ಲಿ ಚಾರ್ಜಿಂಗ್ ಮತ್ತು ಯುಎಸ್‌ಬಿ 2.0 ತಂತಿ ಮಾತ್ರ ಇರುತ್ತದೆ, ಚಿತ್ರ ಹೋಗುವ ತಂತಿಯೇ ಇರುವುದಿಲ್ಲ. ಅಡಾಪ್ಟರ್ ಹಾಕಿ ಬರದಿದ್ದರೆ ಪ್ಲಗ್ಗನ್ನು ತಿರುಗಿಸಿ ಹಾಕಿ ನೋಡಿ. ಒಂದು ಮಗ್ಗುಲಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ ಪೋರ್ಟಿನ ಒಂದು ಸಾಲಿನ ಪಿನ್ ಕೆಟ್ಟಿದೆ, ಇಲ್ಲವೇ ಕಸ ಕೂತಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕಸ ತೆಗೆಯಿರಿ. ಪಿನ್ನು, ಸೂಜಿ ಬೇಡ.

ಟೈಪ್-ಸಿಯಲ್ಲಿ ಚಿತ್ರದ ಸೌಲಭ್ಯವೇ ಇಲ್ಲ ಎಂದಾದರೆ ಡಿಸ್‌ಪ್ಲೇಲಿಂಕ್ ಚಿಪ್ ಇರುವ ಯುಎಸ್‌ಬಿ ಅಡಾಪ್ಟರ್ ಇದೆ. ಅದು ಚಿತ್ರವನ್ನು ಸಾಮಾನ್ಯ ಯುಎಸ್‌ಬಿ ಮೂಲಕವೇ ಕಳಿಸುತ್ತದೆ, ಅದರ ಡ್ರೈವರ್ ಹಾಕಿಕೊಳ್ಳಬೇಕು. ಆಟಗಳಿಗೆ ಅದು ಒಗ್ಗುವುದಿಲ್ಲ. ಲೆಕ್ಕದ ಹಾಳೆ, ಬ್ರೌಸರ್, ಮೇಲ್‌ಗೆ ಧಾರಾಳವಾಗಿ ಸಾಕು. ನಿಮ್ಮ ಮಾನಿಟರ್ ಫುಲ್ ಎಚ್‌ಡಿ ಆದ್ದರಿಂದ 4ಕೆ ಎಂದು ದೊಡ್ಡದಾಗಿ ಬರೆದ ದುಬಾರಿ ಅಡಾಪ್ಟರ್ ಬೇಕಿಲ್ಲ. ಯಾವುದನ್ನು ಕೊಂಡರೂ ಲ್ಯಾಪ್‌ಟಾಪ್ ಒಯ್ದು, ಅಂಗಡಿಯಲ್ಲೇ ಒಂದು ಮಾನಿಟರ್‌ಗೆ ಹಾಕಿ ಚಿತ್ರ ನೋಡಿಯೇ ಹಣ ಕೊಡಿ.